ಮೃತ್ಯು ಕಾಲಿಡದ ನಗರ

ಸಾವಿಲ್ಲದ ಮನೆಯ ಸಾಸಿವೆಗಾಗಿ ಅಲೆದ ಕಿಸಾಗೋತಮಿಯ ಕಥೆಯನ್ನು ಅರಿಯದವರಾರು? ಅಂಥ ಸಾಸಿವೆ ದೊರೆಯಬಹುದಾಗಿದ್ದ ಊರೊಂದು ಯೆಹೂದ್ಯರ ಐತಿಹ್ಯದಲ್ಲಿದೆ. ಅದರ ಹೆಸರು ಲೂಜ್.

ಬೇತೇಲಿನ ಪ್ರವೇಶಮಾರ್ಗವನ್ನು ಶತ್ರುಗಳಿಗೆ ತೋರಿಸಿ ಜೀವ ಉಳಿಸಿಕೊಂಡವನೊಬ್ಬನು ಹಿತ್ತಿಯರ ನಾಡಿನಲ್ಲಿ ಇದನ್ನು ಕಟ್ಟಿದನೆಂದು ಬೈಬಲು ಹೇಳುತ್ತದೆ. ತಾಲ್ಮುದ್ ಗ್ರಂಥವು ಕಥೆಯನ್ನು ಮುಂದುವರಿಸುತ್ತದೆ: ವಸ್ತ್ರದಂಚಿನ ಪವಿತ್ರ ನೂಲಿಗೆ ನೀಲಿ ಬಣ್ಣ ಕಟ್ಟುತ್ತಿದ್ದುದು ಇಲ್ಲಿಯೇ. ಅಸ್ಸೀರಿಯದ ಸನ್ಹೇರೀಬನು ಈ ಊರನ್ನು ಕದಲಿಸಲಿಲ್ಲ. ಬಾಬಿಲೋನಿನ ನೆಬೂಕದ್ನೆಚ್ಚರನು ಕೆಡಹಲಿಲ್ಲ. ಮೃತ್ಯುದೂತನಿಗಂತೂ ಇದರೊಳಗೆ ಹಾಯಲು ಅಪ್ಪಣೆಯೇ ಇಲ್ಲ.

ಯೆರೂಸಲೇಮಿಗೆ ಆ ಭಾಗ್ಯವಿರಲಿಲ್ಲ. ಕ್ರಿ.ಪೂ. 701ರಲ್ಲಿ ಅದು ಸನ್ಹೇರೀಬನ ಕೈಗೆ ಸಿಕ್ಕದೆ ಉಳಿಯಿತು. ದೇವದೂತನು ಒಂದೇ ರಾತ್ರಿಯಲ್ಲಿ 1,85,000 ಸೈನಿಕರನ್ನು ಸಂಹರಿಸಿದನೆಂದು ಬೈಬಲಿನ ಕಥನ. ದೇವರು ಕಾಯುವ ನಗರಕ್ಕೆ ಅಳಿವೆಲ್ಲಿ ಎಂಬ ನಂಬಿಕೆ ಜನರಲ್ಲಿ ಬೇರೂರಿತು. ಆದರೆ ಕ್ರಿ.ಪೂ. 586ರ ಸುಮಾರಿಗೆ ನೆಬೂಕದ್ನೆಚ್ಚರನ ಸೇನೆ ನಗರವನ್ನೂ ದೇವಾಲಯವನ್ನೂ ಸುಟ್ಟುಹಾಕಿತು.

ನಮ್ಮ ಕಾಶಿಯನ್ನೂ ಪ್ರಳಯಕಾಲದಲ್ಲಿ ಶಿವನು ತ್ರಿಶೂಲದ ಮೇಲೆತ್ತಿ ಕಾಯುವನಂತೆ. ಆದರೂ ವೃದ್ಧರು ಅಲ್ಲಿಗೆ ಹೋಗುವುದು ಅಮರರಾಗಲು ಅಲ್ಲ. ಅಲ್ಲಿಯೇ ಕಣ್ಣು ಮುಚ್ಚಿ ಮುಕ್ತಿ ಪಡೆಯಲು. ಲೂಜಿನ ವೃದ್ಧರಾದರೋ, ಬದುಕು ಬೇಸರವಾದಾಗ, ತಾವಾಗಿಯೇ ಕೋಟೆಯ ಹೊರಗೆ ನಡೆದು ಪ್ರಾಣ ಬಿಡುತ್ತಿದ್ದರು!

ಕಿಸಾಗೋತಮಿ ಲೂಜಿಗೆ ಹೋಗಿದ್ದರೆ ಸಾಸಿವೆಯೇನೋ ಸಿಗುತ್ತಿತ್ತು. ಆದರೆ ಕೋಟೆಯ ಬಾಗಿಲನ್ನು ದಾಟಿ ಮೆಲ್ಲನೆ ಹೊರಬರುವ ಆ ಮುದುಕರನ್ನೂ ಅವಳು ಕಾಣದಿರುತ್ತಿರಲಿಲ್ಲ.