ಹಿಮಾಲಯಕ್ಕೆ ಹೋಗದ ನಾಲ್ವರು

ಲಂಡನ್ನಿನ ಆ್ಯಬಿ ರೋಡಿನಲ್ಲಿ ಮೋಟಾರು ನಡೆಸುವವನಿಗೆ ತಾಳ್ಮೆ ಬೇಕು. ಅಲ್ಲಿ ರಸ್ತೆ ದಾಟಲು ಬಳಿದಿರುವ ಬಿಳಿಯ ಪಟ್ಟೆಗಳ ಮೇಲೆ ಪ್ರವಾಸಿಗಳು ನಾಲ್ವರು ನಾಲ್ವರಾಗಿ ಸಾಲುಗಟ್ಟಿ ನಡೆಯುತ್ತಾರೆ, ಚಿತ್ರ ತೆಗೆಯಿಸಿಕೊಳ್ಳುತ್ತಾರೆ. 2010ರಿಂದ ಈ ಪಟ್ಟೆಗಳಿಗೆ ಸಂರಕ್ಷಿತ ಸ್ಮಾರಕದ ಗೌರವವೂ ದೊರೆತಿದೆ!

1969ರಲ್ಲಿ ಬೀಟಲ್ಸ್ ವಾದ್ಯವೃಂದದವರು ತಮ್ಮ ಹೊಸ ಧ್ವನಿಮುದ್ರಿಕೆಗೆ ‘ಎವರೆಸ್ಟ್’ ಎಂಬ ಹೆಸರನ್ನು ಯೋಚಿಸಿದ್ದರು. ಪರ್ವತರಾಜನ ಮೇಲಣ ಭಕ್ತಿಯಿಂದಲ್ಲ. ಅವರ ಧ್ವನಿತಂತ್ರಜ್ಞನು ಸೇದುತ್ತಿದ್ದ ಸಿಗರೇಟಿನ ಹೆಸರದು. ಹೊದಿಕೆಯ ಚಿತ್ರಕ್ಕಾಗಿ ಹಿಮಾಲಯದವರೆಗೆ ಹೋಗುವ ಮಾತೂ ನಡೆದಿತ್ತು. ಅಷ್ಟು ದೂರ ಜೊತೆಯಾಗಿ ಪಯಣಿಸುವ ಉತ್ಸಾಹ ಅವರಲ್ಲಿ ಉಳಿದಿರಲಿಲ್ಲ. ಕೊನೆಗೆ ಸ್ಟುಡಿಯೋದ ಮುಂದಣ ಬೀದಿಯೇ ಸಾಕೆನಿಸಿತು. ಅದರ ಹೆಸರೇ ಧ್ವನಿಮುದ್ರಿಕೆಗೂ ಬಂದಿತು.

ಆಗಸ್ಟ್ 8ರಂದು ಛಾಯಾಗ್ರಾಹಕ ಇಯಾನ್ ಮ್ಯಾಕ್‌ಮಿಲನ್ ನಡುರಸ್ತೆಯಲ್ಲಿ ಏಣಿಯೇರಿ ನಿಂತರು. ಪೊಲೀಸಿನವನು ವಾಹನಗಳನ್ನು ತಡೆದನು. ಸುಮಾರು ಹತ್ತು ನಿಮಿಷ, ಆರೇ ಚಿತ್ರ, ಆಯ್ಕೆಯಾದುದು ಐದನೆಯದು. ಹೊದಿಕೆಯ ಮುಖದ ಮೇಲೆ ಒಂದಕ್ಷರವೂ ಇಲ್ಲ. ಮ್ಯಾಕ್‌ಕಾರ್ಟ್ನಿಯವರದು ಬರಿಗಾಲು, ಅವರ ಹೆಜ್ಜೆ ಉಳಿದ ಮೂವರ ಹೆಜ್ಜೆಗೆ ಹೊಂದುವುದಿಲ್ಲ. ನಾಲ್ವರೂ ಸ್ಟುಡಿಯೋವನ್ನು ಹಿಂದೆ ಬಿಟ್ಟು ನಡೆಯುತ್ತಿದ್ದಾರೆ.

ಹನ್ನೆರಡು ದಿನಗಳ ಮೇಲೆ, ಆಗಸ್ಟ್ 20ರಂದು, ಅದೇ ಸ್ಟುಡಿಯೋದಲ್ಲಿ ನಾಲ್ವರೂ ಕಡೆಯ ಬಾರಿಗೆ ಒಟ್ಟುಗೂಡಿದರು.