ಚಾವಡಿಯ ಫೋನು

ನಮ್ಮ ಚಾವಡಿಯ ಮೂಲೆಯಲ್ಲೊಂದು ಮರದ ಸ್ಟೂಲು, ಅದರ ಮೇಲೆ ಅಕ್ಕ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಫೋನು. 1996ರಲ್ಲಿ ಅದು ಬಂದ ದಿನ ಅಪ್ಪ ಊದುಬತ್ತಿ ಹಚ್ಚಿದ್ದರು. ಮಂಗಳೂರಿನ ಅಕ್ಕನಿಗೆ 0824 ಒತ್ತಬೇಕಾದರೆ ರಾತ್ರಿ ದರ ಇಳಿಯುವುದನ್ನು ಕಾಯುತ್ತಿದ್ದೆವು. ಲೈನು ಸಿಗದಿದ್ದರೆ ಒಳಗಿನಿಂದ ಹೆಂಗಸೊಬ್ಬಳು ಮಲಯಾಳದಲ್ಲಿ ಏನೋ ಹೇಳುತ್ತಿದ್ದಳು. ಅಮ್ಮ ಕಲಿತ ಮೊದಲ ಅಚ್ಚ ಮಲಯಾಳ ಅವಳದ್ದೇ.

ಕಳೆದ ವರ್ಷ, ತಾಮ್ರದ ತಂತಿ ತೆಗೆದು ಫೈಬರ್ ಹಾಕುತ್ತೇವೆ ಎಂದರು. ನಂಬರು ಅದೇ, ಜೊತೆಗೆ ಇಂಟರ್‌ನೆಟ್ಟು. ಬ್ಯಾಂಕಿನವನ ಅಭ್ಯಾಸ, ಕಾಗದದ ಮೇಲೆ ಜಮೆ-ಖರ್ಚು ಬರೆದೆ. ಜಮೆಯ ಬದಿ ತುಂಬಿತು: ದೂರದ ಮೊಮ್ಮಗಳ ಮುಖ ಕಾಣುತ್ತದೆ, ಗಾಜಿನ ಎಳೆಯಲ್ಲಿ ಸಿಡಿಲು ಹರಿದು ಬರುವುದಿಲ್ಲ. ಹಳೆಯ ತಂತಿಯಲ್ಲಿ ಬಂದ ಸಿಡಿಲು ಎರಡು ಫೋನು ಸುಟ್ಟಿತ್ತು. ಅಡಿಕೆಮರ ಬಿದ್ದು ತುಂಡಾದರಂತೂ ವಾರಗಟ್ಟಲೆ ಮೌನ.

ಅಮ್ಮ ಒಂದೇ ಮಾತು ಕೇಳಿದರು: "ಕರೆಂಟು ಹೋದ್ರೆ ಇದು ಮಾತಾಡ್ತದಾ?"

ನನ್ನ ಪೆನ್ನು ನಿಂತಿತು. ಹಳೆಯ ಫೋನಿಗೆ ಮನೆಯ ಕರೆಂಟು ಬೇಡ. ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತದೆ. 2004ರ ಆಟಿಯ ಒಂದು ರಾತ್ರಿ ಊರಿಡೀ ಕತ್ತಲೆ, ಅಪ್ಪನಿಗೆ ಎದೆನೋವು. ಅಮ್ಮ ತಡಕಾಡಿ ರಿಸೀವರ್ ಎತ್ತಿ ಜೀಪಿನವರನ್ನು ಕರೆದರು. ಆ ಮೇಲೆ ಅಪ್ಪ ಒಂಬತ್ತು ವರ್ಷ ನಮ್ಮೊಂದಿಗಿದ್ದರು. ಗುಡ್ಡದ ಬುಡದ ನಮ್ಮ ಮನೆಗೆ ಮೊಬೈಲಿನ ಸಿಗ್ನಲ್ ಈಗಲೂ ಇಲ್ಲ. ತೋಟದ ಮೆಟ್ಟಿಲು ಹತ್ತಬೇಕು. ಎಂಬತ್ತು ದಾಟಿದ ಅಮ್ಮ ಹಗಲಿಡೀ ಒಬ್ಬರೇ.

ಆದರೂ ಫೈಬರ್ ಹಾಕಿಸಿದೆ. ತಂತಿಯನ್ನು ಉಳಿಸುವುದು ನನ್ನ ಕೈಯಲ್ಲಿರಲಿಲ್ಲ. ಹಳೆಯ ಫೋನನ್ನೇ ಹೊಸ ಪೆಟ್ಟಿಗೆಯ ಹಿಂದೆ ಸಿಕ್ಕಿಸಿದರು. ಪೆಟ್ಟಿಗೆಗೆ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದನ್ನು ತಂದೆ. ಒಂದು ಸಂಜೆ ಮೈನ್ ಸ್ವಿಚ್ ಆರಿಸಿ, ಗಡಿಯಾರ ಹಿಡಿದು ಕುಳಿತೆವು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹಸಿರು ದೀಪ ಆರಿತು.

"ಮಳೆಗಾಲದಲ್ಲಿ ಎರಡು ದಿನ ಕರೆಂಟಿರುವುದಿಲ್ಲ ಮಾರಾಯ," ಎಂದರು ಅಮ್ಮ, ದೂರಿನ ಸ್ವರದಲ್ಲಲ್ಲ.

ಕೊನೆಗೆ ನೆರೆಮನೆಯ ಹುಡುಗನಿಗೆ ಹೇಳಿಟ್ಟಿದ್ದೇನೆ: ಕರೆಂಟು ಹೋಗಿ ಹೊತ್ತಾದರೆ ಒಮ್ಮೆ ಬಂದು ಕರೆದು ಹೋಗು. ಅವನು ಬರುತ್ತಾನೆ, ಮಲಯಾಳದಲ್ಲಿ ಕರೆಯುತ್ತಾನೆ, ಅಮ್ಮ ಕನ್ನಡದಲ್ಲಿ ಓಗೊಡುತ್ತಾರೆ. ನನ್ನ ಜಮೆ-ಖರ್ಚಿನಲ್ಲಿ ಅವನನ್ನು ಬರೆಯಲು ಕಾಲಮ್ಮೇ ಇರಲಿಲ್ಲ.