ಶ್ರೀನಿವಾಸಪುರದ ಬೈಕು, ಮುಳಬಾಗಿಲಿನ ಗ್ಯಾರೇಜು, ಮಾಲೂರಿನ ಲೇತು

ಹೆದ್ದಾರಿಯಲ್ಲಿ ಹೋಗುವವರಿಗೆ ಕೋಲಾರ ಜಿಲ್ಲೆ ಅಂದ್ರೆ ತಿರುಪತಿ ದಾರಿ ಅಷ್ಟೇ. ನರಸಾಪುರದ ಫ್ಯಾಕ್ಟರಿಗಳು, ಮುಳಬಾಗಿಲಿನಲ್ಲಿ ತುಪ್ಪದ ದೋಸೆ, ಆಮೇಲೆ ಆಂಧ್ರದ ಗಡಿ. ಅದೇ ಹೆದ್ದಾರಿ ಬಿಟ್ಟು ನಾಲ್ಕೈದು ಕಿಲೋಮೀಟರ್ ಒಳಗೆ ಹೋಗಿ ನೋಡಿ. ಬಂಡೆಗುಡ್ಡ, ನೀಲಗಿರಿ ತೋಪು, ಮಾವಿನ ತೋಟ, ಕೆರೆ ಏರಿ, ಕೆಮ್ಮಣ್ಣಿನ ಬಂಡಿದಾರಿ. ಡರ್ಟ್ ಬೈಕಿಗೆ ಹೇಳಿ ಮಾಡಿಸಿದ ಊರುಗಳು ಇವು. ಅದರ ಕ್ಲಚ್ಚನ್ನ ಸದ್ದಿಲ್ಲದೆ ತಿಂದುಹಾಕುವ ಊರುಗಳೂ ಇವೇ.

ಶ್ರೀನಿವಾಸಪುರದ ಹತ್ರ ನಮ್ಮ ಮಾವನ ಮಾವಿನ ತೋಟ ಇದೆ. ತೋಟಕ್ಕೆ ಅಂತ ಅವರು 2012ರಲ್ಲಿ ಒಂದು ಹೀರೋ ಇಂಪಲ್ಸ್ ಕೊಂಡಿದ್ದರು. 150 ಸಿಸಿ, ಎತ್ತರದ ಸೀಟು, ಮುಂದೆ 19 ಇಂಚಿನ ಚಕ್ರ, ಹಳ್ಳಕ್ಕೆ ಬಿದ್ದರೂ ಬೆನ್ನು ಮುರಿಯದ ಸಸ್ಪೆನ್ಷನ್. 2011ರಲ್ಲಿ ಮಾರುಕಟ್ಟೆಗೆ ಬಂದ ಈ ಬೈಕು ಕೆಲವೇ ವರ್ಷಗಳಲ್ಲಿ ನಿಂತುಹೋಯ್ತು. ಅಪ್ಪಟ ಡರ್ಟ್ ಬೈಕ್ ಅಲ್ಲ, ಆದರೆ ಸಾಮಾನ್ಯ ಜನ ಕೊಳ್ಳೋಕಾಗುವ ಬೆಲೆಗೆ ಮಣ್ಣಿನ ದಾರಿಗೆ ಅಂತ ಬಂದ ಬೈಕುಗಳು ನಮ್ಮಲ್ಲಿ ಕಡಿಮೆ. ಈಗ ಅದು ವಾರದ ದಿನ ಮಾವನದ್ದು, ವಾರಾಂತ್ಯ ನನ್ನದು.

ಈ ಸಲ ಆವಣಿ ಬೆಟ್ಟದ ಕಡೆ ಹೋಗಿದ್ದೆ. ಲವ-ಕುಶರು ಹುಟ್ಟಿದ ಜಾಗ ಅಂತ ಜನ ನಂಬುವ ಬೆಟ್ಟ ಅದು. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಸ್ಥಾನ, ಮೇಲೆ ಸೀತಮ್ಮನ ಗುಡಿ. ಸುತ್ತಲಿನ ಏರುದಾರಿಯಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದೆ ಹೋಗ್ತಿಲ್ಲ. ಜೊತೆಗೆ ಸುಟ್ಟ ವಾಸನೆ. ಬೈಕ್ ಓಡಿಸುವ ಯಾರಿಗಾದರೂ ಗೊತ್ತಾಗುತ್ತೆ, ಕ್ಲಚ್ ಸ್ಲಿಪ್ ಆಗ್ತಿದೆ.

ಮಾವ ಫೋನಲ್ಲೇ ತೀರ್ಪು ಕೊಟ್ಟರು: “ಗುಜರಿಗೆ ಹಾಕಿಬಿಡೋಣ.” ಅವರ ಲೆಕ್ಕದಲ್ಲೂ ಅರ್ಥ ಇತ್ತು. 2027ಕ್ಕೆ ಗಾಡಿಗೆ 15 ವರ್ಷ ತುಂಬುತ್ತೆ. ಆಗ ಫಿಟ್‌ನೆಸ್ ತೋರಿಸಿ ಆರ್‌ಸಿ ನವೀಕರಿಸಬೇಕು. ಅಷ್ಟರೊಳಗೆ ದೊಡ್ಡ ಖರ್ಚು ಯಾಕೆ ಅಂತ. ದೊಡ್ಡ ಸರ್ವಿಸ್ ಸೆಂಟರ್ ಒಂದಕ್ಕೆ ಫೋನ್ ಮಾಡಿದರೆ ಪೂರ್ತಿ ಕ್ಲಚ್ ಅಸೆಂಬ್ಲಿ ಬದಲಾಯಿಸಬೇಕು, ಪಾರ್ಟ್ಸ್ ಯಾವಾಗ ಬರುತ್ತೋ ಹೇಳೋಕಾಗಲ್ಲ ಅಂದ್ರು. ಹಾಗಾಗಿ ಗಾಡಿಯನ್ನ ಮೆಲ್ಲಗೆ ಮುಳಬಾಗಿಲಿಗೆ ತಂದೆ. ಬಸ್ ಸ್ಟ್ಯಾಂಡಿಂದ ಸ್ವಲ್ಪ ದೂರದಲ್ಲಿ ತಗಡಿನ ಶೀಟಿನ ಕೆಳಗೆ ಒಂದು ಗ್ಯಾರೇಜು. ನಡೆಸೋರಿಗೆ ಅರವತ್ತರ ಆಸುಪಾಸು ವಯಸ್ಸು, ಯೆಜ್ಡಿ ಬಿಚ್ಚಿ ಕೆಲಸ ಕಲಿತ ಕೈ.

ಮುಚ್ಚಳ ತೆಗೆದಾಗ ಕಂಡಿದ್ದು

ಕ್ಲಚ್ ಅನ್ನೋದು ತುಂಬಾ ಸರಳವಾದ ವಸ್ತು. ಘರ್ಷಣೆಯ ಪ್ಲೇಟು, ಉಕ್ಕಿನ ಪ್ಲೇಟು, ಮತ್ತೆ ಘರ್ಷಣೆಯದ್ದು, ಹೀಗೆ ಒಂದರ ಮೇಲೊಂದು ಜೋಡಿಸಿ ಸ್ಪ್ರಿಂಗಿನಿಂದ ಒತ್ತಿಹಿಡಿದಿರುತ್ತಾರೆ. ಲಿವರ್ ಹಿಡಿದರೆ ಪ್ಲೇಟುಗಳು ಸಡಿಲವಾಗಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ತಪ್ಪುತ್ತೆ. ಬಿಟ್ಟರೆ ಮತ್ತೆ ಅಂಟಿಕೊಳ್ಳುತ್ತೆ. ಅರ್ಧ ಹಿಡಿದಾಗ ಮಾತ್ರ ಒಂದಕ್ಕೊಂದು ಉಜ್ಜಿಕೊಂಡೇ ತಿರುಗುತ್ತವೆ. ಆಗಲೇ ಬಿಸಿ, ಆಗಲೇ ಸವೆತ.

ನಮ್ಮ ಕಡೆ ದಾರಿಗಳು ಈ ಹಾಫ್ ಕ್ಲಚ್ಚನ್ನೇ ಬೇಡುತ್ತವೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ಇದು. ಒಣಗಿದ ಹಳ್ಳಗಳಲ್ಲಿ ಮರಳು ನಿಂತಿರುತ್ತೆ, ಚಕ್ರ ಹೂತುಹೋಗುತ್ತೆ. ಬಂಡೆಯ ಮೇಲೆ ಹತ್ತುವಾಗ ಇಂಚು ಇಂಚಾಗಿ ಹೋಗಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರ್ತಿದೆ. ಹಾಗೆ ತುಂಬಿದ ಕಡೆ, ಮೊದಲು ಸಲೀಸಾಗಿ ದಾಟುತ್ತಿದ್ದ ಕೆರೆ ಅಂಗಳ ಬಿಟ್ಟು ಏರಿ ಪಕ್ಕದ ಕಡಿದಾದ ದಾರಿ ಹಿಡಿಯಬೇಕು. ಇದರ ಮೇಲೆ ಸೀಸನ್ನಲ್ಲಿ ಬಾದಾಮಿ, ತೋತಾಪುರಿ ಕ್ರೇಟು, ಉಳಿದ ಕಾಲದಲ್ಲಿ ಗೊಬ್ಬರದ ಮೂಟೆ. ಹದಿಮೂರು-ಹದಿನಾಲ್ಕು ವರ್ಷ ಇದನ್ನೆಲ್ಲ ಹೊತ್ತ ಕ್ಲಚ್ಚಿಗೆ ನಾವು ಥ್ಯಾಂಕ್ಸ್ ಹೇಳಬೇಕು.

ಮೆಕ್ಯಾನಿಕ್ಕು ಮೊದಲು ಲಿವರಿನ ಸಡಿಲ ನೋಡಿದರು. ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಇರಬೇಕು. ಆಟವೇ ಇಲ್ಲದೆ ಕೇಬಲ್ ಬಿಗಿಯಾಗಿದ್ದರೆ ಕ್ಲಚ್ ಸದಾ ಅರ್ಧ ಹಿಡಿದ ಹಾಗೇ. ಅದು ಸರಿ ಇತ್ತು. ಆಮೇಲೆ ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿ ಮೂಸಿದರು. ಯಾರೋ ಯಾವತ್ತೋ ಕಾರಿನ ಆಯಿಲ್ ಹಾಕಿದ್ದರು ಅನ್ನೋದು ಅವರ ಅನುಮಾನ. ಬೈಕಿನ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತೆ. ಕೆಲವು ಕಾರ್ ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕ ಇರುತ್ತೆ, ಪ್ಲೇಟು ಹಿಡಿತ ಕಳೆದುಕೊಳ್ಳುತ್ತೆ. ಡಬ್ಬದ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ ಅಂತ ಇದ್ದರೆ ಅದು ಇಂಥ ಕ್ಲಚ್ಚಿಗೆ ತಕ್ಕ ಆಯಿಲು.

ಬಲಗಡೆಯ ಕವರ್ ಬಿಚ್ಚಿ, ಸ್ಪ್ರಿಂಗಿನ ಬೋಲ್ಟುಗಳನ್ನ ಎದುರು-ಬದುರು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಪ್ಲೇಟು ಹೊರಗೆ ತೆಗೆದರು. “ಪ್ಲೇಟು ಅಯಿಪೋಯಿಂದಿ ಸಾರ್” ಅಂತ ತೆಲುಗಲ್ಲಿ ಶುರುಮಾಡಿ, “ನೋಡಿ, ಕಪ್ಪಗೆ ಗಾಜಿನ ಥರ ಹೊಳೀತದೆ” ಅಂತ ಕನ್ನಡದಲ್ಲಿ ಮುಗಿಸಿದರು. ಈ ಗಡಿಯಲ್ಲಿ ಒಂದೇ ವಾಕ್ಯಕ್ಕೆ ಎರಡು ಭಾಷೆ ಮಾಮೂಲು. ಇಂಥ ಬೈಕುಗಳಲ್ಲಿ ಹೊಸ ಪ್ಲೇಟು ಹೆಚ್ಚುಕಮ್ಮಿ 3 ಮಿ.ಮೀ. ದಪ್ಪ. ಅದರಲ್ಲಿ 0.3-0.4 ಮಿ.ಮೀ. ಸವೆದರೆ ಆಯುಸ್ಸು ಮುಗೀತು ಅಂತಲೇ ಲೆಕ್ಕ. ಉಕ್ಕಿನ ಪ್ಲೇಟುಗಳನ್ನ ಒಂದು ಗಾಜಿನ ತುಂಡಿನ ಮೇಲಿಟ್ಟು ಒತ್ತಿದರು. ಎರಡು ಪ್ಲೇಟು ಸೊಟ್ಟಗಾಗಿ ಅಲ್ಲಾಡಿದವು, ಶಾಖಕ್ಕೆ ನೀಲಿಯಾಗಿದ್ದವು.

ನಾನಾಗಿದ್ದರೆ ಪ್ಲೇಟು ಬದಲಿಸಿ ಮುಚ್ಚಿಬಿಡ್ತಿದ್ದೆ. ಅವರು ಬ್ಯಾಸ್ಕೆಟ್ಟನ್ನ ಹಿಡಿದು ಅಲ್ಲಾಡಿಸಿದರು. ಪ್ಲೇಟುಗಳೆಲ್ಲ ಕೂರುವ ಬುಟ್ಟಿ ಅದು. ಹಿಂದಿನ ಗೇರಿಗೆ ಕಚ್ಚಿಸಿರುವ ರಿವೆಟ್ಟುಗಳು ಸಡಿಲವಾಗಿ ಟಕ್ ಟಕ್ ಅಂತಿದ್ದವು. ಅದರ ಕಾಲುಗಳಲ್ಲಿ ಪ್ಲೇಟಿನ ಹಲ್ಲು ಬಡಿದು ಸಣ್ಣ ಗೀರು ಬಿದ್ದಿತ್ತು. ಇದನ್ನ ಹಾಗೇ ಬಿಟ್ಟರೆ ಹೊಸ ಪ್ಲೇಟೂ ಗೀರಿಗೆ ಸಿಕ್ಕಿಕೊಂಡು ಕ್ಲಚ್ ಸರಿಯಾಗಿ ಬಿಡೋದಿಲ್ಲ. ಆಫೀಸಲ್ಲಿ ನಾವು ರೂಟ್ ಕಾಸ್ ಅಂತ ಮೀಟಿಂಗ್ ಮಾಡ್ತೀವಲ್ಲ, ಅವರು ಅದನ್ನ ಎರಡು ಬೆರಳಲ್ಲಿ ಮಾಡಿದರು.

ಬ್ಯಾಸ್ಕೆಟ್ ತೆಗೆಯೋಕೆ ಒಳಗಿನ ನಾಲ್ಕು ಗಾಡಿಯ ನಟ್ಟು ಬಿಚ್ಚಬೇಕು. ಅವರ ಉಪಕರಣ ಅಂದ್ರೆ ಹಳೇ ಸಾಕೆಟ್ಟಿನ ತುದಿಗೆ ನಾಲ್ಕು ಹಲ್ಲು ಕೊಯ್ದು ಮಾಡಿದ್ದು. ಗೇರು ತಿರುಗದ ಹಾಗೆ ನಡುವೆ ಒಂದು ತಾಮ್ರದ ಚೂರು ಇಟ್ಟು ಒಂದೇ ಏಟಿಗೆ ಬಿಚ್ಚಿದರು.

ಮಾಲೂರಿಗೆ ಒಂದು ಬುಟ್ಟಿ

“ರಿವೆಟ್ ಕೆಲಸಕ್ಕೆ ಮಾಲೂರಿಗೆ ಹೋಗಿ, ಅಲ್ಲಿ ನಮ್ಮೋರೊಬ್ಬರು ಇದ್ದಾರೆ” ಅಂದ್ರು. ಪೇಪರಲ್ಲಿ ಸುತ್ತಿದ ಬ್ಯಾಸ್ಕೆಟ್ಟನ್ನ ಲ್ಯಾಪ್‌ಟಾಪ್ ಬ್ಯಾಗಲ್ಲಿ ಹಾಕ್ಕೊಂಡು ಬಂಗಾರಪೇಟೆವರೆಗೆ ಬಸ್ಸು, ಅಲ್ಲಿಂದ ಮಾಲೂರಿಗೆ ರೈಲು. ರೈಲಿನ ತುಂಬಾ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಜನ. ಬಂಗಾರಪೇಟೆಯ ಪಕ್ಕದಲ್ಲೇ ಕೆಜಿಎಫ್. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿಂದ ದಿನಾ ರೈಲು ಹತ್ತುವವರೂ ಹೆಚ್ಚು.

ಮಾಲೂರು ಇಟ್ಟಿಗೆ-ಹೆಂಚಿಗೆ ಹೆಸರಾದ ಊರು. ನನಗೆ ಸಿಕ್ಕ ಲೇತಿನವರು ಹೆಂಚಿನ ಕಾರ್ಖಾನೆಗಳ ಯಂತ್ರ ರಿಪೇರಿ ಮಾಡಿ ಪಳಗಿದವರು. ಬ್ಯಾಸ್ಕೆಟ್ ನೋಡಿ ಏನೂ ಕೇಳಲಿಲ್ಲ. ಹಳೇ ರಿವೆಟ್ ತಲೆ ಹಾರಿಸಿ, ಒಳಗಿನ ಸ್ಪ್ರಿಂಗುಗಳನ್ನ ಒಂದೊಂದಾಗಿ ನೋಡಿ, ಹೊಸ ರಿವೆಟ್ ಒತ್ತಿ, ತಿರುಗಿಸಿ ಕಂಪನ ಇದೆಯಾ ಅಂತ ಪರೀಕ್ಷಿಸಿದರು. ಕಾಲುಗಳ ಗೀರನ್ನ ನುಣ್ಣಗೆ ಅರ ಹಾಕಿದರು. “ಗೀರು ಇನ್ನೂ ಆಳ ಇದ್ದಿದ್ದರೆ ಹೊಸದೇ ಹಾಕಿ ಅಂತಿದ್ದೆ” ಅಂದ್ರು. ಎಲ್ಲಿ ರಿಪೇರಿ ನಿಲ್ಲಿಸಬೇಕು ಅನ್ನೋದು ಗೊತ್ತಿರುವವರನ್ನ ನಂಬಬಹುದು.

ಪ್ಲೇಟುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಮೆಕ್ಯಾನಿಕ್ ಹೇಳಿದ ಹಾಗೆ ಹಳೇ ಪ್ಲೇಟನ್ನೇ ತಗೊಂಡು ಹೋಗಿದ್ದೆ. ವ್ಯಾಸ, ಹಲ್ಲಿನ ಲೆಕ್ಕ, ದಪ್ಪ ಮೂರೂ ಕೌಂಟರ್ ಮೇಲೆ ಹೋಲಿಸಿದ ಮೇಲೇ ದುಡ್ಡು. ಹಳೇ ಗಾಡಿಗೆ ಮಾಡೆಲ್ ಹೆಸರು ಹೇಳಿ ಕೊಳ್ಳೋದಕ್ಕಿಂತ ಇದು ಗ್ಯಾರಂಟಿ.

ಮುಂದಿನ ಶನಿವಾರ ಜೋಡಣೆ. ಹೊಸ ಪ್ಲೇಟುಗಳು ರಾತ್ರಿಯಿಡೀ ಎಂಜಿನ್ ಆಯಿಲಿನಲ್ಲಿ ನೆನೆದಿದ್ದವು. ಒಣ ಪ್ಲೇಟು ಹಾಕಿ ಓಡಿಸಿದರೆ ಮೊದಲ ದಿನವೇ ಸುಡುತ್ತೆ. ಸ್ಪ್ರಿಂಗ್ ಬೋಲ್ಟು ಮತ್ತೆ ಎದುರು-ಬದುರು ಬಿಗಿದು, ಹೊಸ ಗ್ಯಾಸ್ಕೆಟ್ ಹಾಕಿ, ಕೇಬಲ್ಲಿನ ಆಟ ಹೊಂದಿಸಿ ಮುಗಿಸಿದರು. ಒಟ್ಟು ಖರ್ಚು ಮಾವ ಗುಜರಿ ಲೆಕ್ಕ ಬಿಡುವಷ್ಟು ಕಡಿಮೆ ಇತ್ತು. ತೋಟದ ಏರಿನಲ್ಲಿ ಅವರೇ ಎರಡು ಕ್ರೇಟು ಕಟ್ಟಿಕೊಂಡು ಓಡಿಸಿ ನೋಡಿದರು. “ಆರ್‌ಸಿ ರಿನ್ಯೂವಲ್‌ಗೆ ಏನೇನು ಬೇಕು, ನೋಡು” ಅಂದ್ರು.

ಒಂದು ಮಾತು ಮಾತ್ರ ತಲೆಯಲ್ಲಿ ಉಳಿದಿದೆ. ಗ್ಯಾರೇಜಲ್ಲಿ ಕೆಲಸ ಕಲೀತಿದ್ದ ಹುಡುಗರು ಈಗ ಎಲ್ಲಿ ಅಂತ ಕೇಳಿದ್ದೆ. “ನರಸಾಪುರ” ಅಂದ್ರು. ಅಲ್ಲಿ 2013ರಿಂದ ಹೋಂಡಾದ ದೊಡ್ಡ ದ್ವಿಚಕ್ರ ಕಾರ್ಖಾನೆ ಇದೆ, ಸುತ್ತ ಇನ್ನೂ ಎಷ್ಟೋ ಕಂಪನಿಗಳಿವೆ. ತಿಂಗಳ ಸಂಬಳ, ಕರೆದೊಯ್ಯೋ ಬಸ್ಸು, ನೆರಳು. ಹುಡುಗರನ್ನ ದೂರೋಕೆ ಯಾರಿಗೂ ಹಕ್ಕಿಲ್ಲ, ಕಂಪನಿ ಕ್ಯಾಬಲ್ಲಿ ಓಡಾಡುವ ನನಗಂತೂ ಇಲ್ಲವೇ ಇಲ್ಲ. ಆದರೆ ಹೊಸ ಬೈಕು ಸಾಲುಸಾಲಾಗಿ ಹೊರಡುವ ಜಿಲ್ಲೆಯಲ್ಲೇ, ಹಳೇ ಬೈಕಿನ ಸದ್ದು ಕೇಳಿ ಕಾಯಿಲೆ ಹೇಳೋರು ಒಬ್ಬಿಬ್ಬರಾಗ್ತಿದ್ದಾರೆ.

ನಿಮ್ಮ ಮನೇಲೂ ಇಂಥ ಒಂದು ಗಾಡಿ ಮೂಲೆಯಲ್ಲಿ ನಿಂತಿದ್ದರೆ, ಗುಜರಿಗೆ ಫೋನ್ ಮಾಡುವ ಮೊದಲು ಊರಿನ ಗ್ಯಾರೇಜಿಗೆ ಒಂದು ಸಲ ಒಯ್ದು ನೋಡಿ. ಬಿಚ್ಚುವಾಗ ಪಕ್ಕದಲ್ಲೇ ನಿಂತ್ಕೊಳ್ಳಿ, ಕೇಳಿ, ಕಲೀರಿ. ಕೂಲಿ ಎಷ್ಟು ಅಂದ್ರೋ ಅಷ್ಟು ಕೊಡಿ, ಚೌಕಾಸಿ ಬೇಡ. ಮುಳಬಾಗಿಲಿನ ಕಡೆಯೇ ಆದರೆ, ಪ್ಲೇಟು ಆಯಿಲಲ್ಲಿ ನೆನೆಯುವಷ್ಟು ಹೊತ್ತಿಗೆ ಕುರುಡುಮಲೆಯ ಗಣಪನ್ನ ನೋಡಿಕೊಂಡು, ದೋಸೆ ತಿಂದು ಬರಬಹುದು.